ಒಂದು ಮೊಲಕ್ಕೆ 4 ಗಂಟೆ 40 ನಿಮಿಷ

ಫೋನಿನ ಸ್ಟಾಪ್‌ವಾಚ್ ಒತ್ತಿ ಚಾಪೆಯ ಮೇಲಿಟ್ಟೆ. ಎದುರಿಗೆ ಕೂತಿದ್ದ ಹೆಂಗಸು ಬೂದು ಬಣ್ಣದ ಹತ್ತಿ ನೂಲನ್ನು ಎಡಗೈಯ ತೋರುಬೆರಳಿಗೆ ಸುತ್ತಿಕೊಂಡರು. ಸಣ್ಣ ಉಂಗುರ ಮಾಡಿ, ಅದರೊಳಗೆ ಕ್ರೋಶಾ ಕಡ್ಡಿ ತೂರಿಸಿದರು. "ಹುನ್, ಕಾಇ, ಓಶಿ, ಕಾಹಿ, ವೋಓ, ವಾಕಿ." ಕಕ್ಚಿಕೆಲ್ ಭಾಷೆಯಲ್ಲಿ ಒಂದರಿಂದ ಆರು. ಉಂಗುರದೊಳಗೆ ಆರು ಕುಣಿಕೆ ಬಿದ್ದವು. ದಾರದ ತುದಿ ಜಗ್ಗಿದ ಕೂಡಲೇ ಉಂಗುರ ಮುಚ್ಚಿಕೊಂಡಿತು. ಅದೇ ಮೊಲದ ನೆತ್ತಿ.

ಇದು ಗ್ವಾಟೆಮಾಲಾ ದೇಶದ ಅತಿತ್ಲಾನ್ ಸರೋವರದ ಉತ್ತರ ದಂಡೆಯ ಒಂದು ಹಳ್ಳಿ. 2023ರ ಫೆಬ್ರವರಿ. ನಾನು ಅಲ್ಲಿಗೆ ಹೋಗಿದ್ದು ಕ್ರೋಶಾ ಆಟಿಕೆ ಕೊಳ್ಳುವುದಕ್ಕೆ.

ನಾನು ಹಾಸನದ ಕಡೆಯವಳು. ಮದುವೆಯಾದ ಮೇಲೆ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಬಂದೆ. ವಾರಕ್ಕೆ ಎರಡು ದಿನ ನಮ್ಮೂರಿನ ಒಂದು ಚಿಕ್ಕ ಫೇರ್ ಟ್ರೇಡ್ ಅಂಗಡಿಯಲ್ಲಿ ಸಂಬಳವಿಲ್ಲದೆ ಕೆಲಸ ಮಾಡುತ್ತೇನೆ. ಇಂಥ ಅಂಗಡಿಗಳಿಗೂ ಈ ರಾಜ್ಯಕ್ಕೂ ಹಳೇ ನಂಟು. ಇಲ್ಲಿಯ ಏಡ್ನಾ ರೂತ್ ಬೈಲರ್ ಎಂಬ ಹೆಂಗಸು 1946ರಲ್ಲಿ ಪ್ಯೂರ್ಟೊ ರಿಕೊ ದ್ವೀಪದ ಬಡ ಹೆಂಗಸರ ಕಸೂತಿ ತಂದು, ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಪರಿಚಯದವರಿಗೆ ಮಾರಲು ಶುರು ಮಾಡಿದರು. ಮುಂದೆ ಅದೇ ಟೆನ್ ಥೌಸಂಡ್ ವಿಲೇಜಸ್ ಎಂಬ ದೊಡ್ಡ ಸಂಸ್ಥೆಯಾಯಿತು.

ಫೇರ್ ಟ್ರೇಡ್ ಅಂದರೆ ಏನು ಅಂತ ಅಂಗಡಿಗೆ ಬಂದವರು ಕೇಳುತ್ತಾರೆ. ಕೈಕೆಲಸ ಮಾಡಿದವರಿಗೆ ನ್ಯಾಯವಾದ ಬೆಲೆ ಕೊಡುವುದು ಅಂತ ವರ್ಷಗಟ್ಟಲೆ ಹೇಳಿದ್ದೆ. ಒಂದು ದಿನ ಒಬ್ಬ ಅಜ್ಜ ಒಂದು ಗೊಂಬೆ ಕೈಗೆತ್ತಿಕೊಂಡು, "ಈ ಬೆಲೆ ನ್ಯಾಯವಾದದ್ದು ಅಂತ ಯಾರು ತೀರ್ಮಾನ ಮಾಡಿದ್ದು?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ಮನಸ್ಸಿನಲ್ಲಿ ಹಾಗೇ ಕೂತುಬಿಟ್ಟಿತು. ಹೊಸದಾಗಿ ಗ್ವಾಟೆಮಾಲಾದ ಮೂಲನಿವಾಸಿಗಳಾದ ಮಾಯಾ ಜನರ ಹೆಂಗಸರ ಒಂದು ಗುಂಪಿನಿಂದ ಆಟಿಕೆ ತರಿಸೋಣ ಎಂಬ ಮಾತು ಬಂದಾಗ, ನಾನೇ ನನ್ನ ಖರ್ಚಿನಲ್ಲಿ ಹೋಗಿ ಬರುತ್ತೇನೆ ಅಂದೆ.

ಗ್ವಾಟೆಮಾಲಾ ಸಿಟಿಯಿಂದ ಬೆಟ್ಟದ ದಾರಿ. ಸೊಲೊಲಾ ದಾಟಿದ ಮೇಲೆ ರಸ್ತೆ ತಿರುವು ತಿರುವಾಗಿ ಇಳಿಯುತ್ತದೆ. ಕೆಳಗೆ ಸರೋವರ, ಅದರಾಚೆ ಮೂರು ಜ್ವಾಲಾಮುಖಿಗಳು. ಈ ನೀರು ಇರುವುದೇ ಸಮುದ್ರಮಟ್ಟದಿಂದ ಸುಮಾರು 1,560 ಮೀಟರ್ ಎತ್ತರದಲ್ಲಿ. ಪನಹಚೆಲ್ ಊರಿನಿಂದ ಲಾಂಚಾ ಎಂಬ ಮೋಟರ್ ದೋಣಿ ಹಿಡಿಯಬೇಕು. ಬೆಳಿಗ್ಗೆ ಹೋದರೆ ನೀರು ಕನ್ನಡಿಯ ಹಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಶೊಕೊಮಿಲ್ ಎಂಬ ಗಾಳಿ ಏಳುತ್ತದೆ. ಆಗ ದೋಣಿ ಪ್ರತಿ ಅಲೆಗೂ ಎತ್ತಿ ಕುಕ್ಕುತ್ತದೆ.

ಗುಂಪಿನಲ್ಲಿ 14 ಹೆಂಗಸರಿದ್ದರು. ಗುಂಪಿನ ಹೆಸರು, ಅವರ ಹೆಸರು ಬರೆಯುವುದಿಲ್ಲ. ಅವರು ಬೇಡ ಅಂದಿದ್ದಾರೆ. ಎಲ್ಲರೂ ಉಟ್ಟಿದ್ದು ಕೋರ್ತೆ ಎಂಬ ಸುತ್ತುವ ಲಂಗ, ತೊಟ್ಟಿದ್ದು ತಾವೇ ನೇಯ್ದ ಉಯಿಪಿಲ್ ಎಂಬ ರವಿಕೆ. ಅವರು ನನ್ನನ್ನು "ಸೆನ್ಯೊ" ಅಂದರು, ನಾನು ಅವರನ್ನು "ದೊನ್ಯಾ" ಅಂದೆ. ಮನಸ್ಸಿನೊಳಗೆ ಮಾತ್ರ ಅಕ್ಕ ಅಂತಲೇ ಬರುತ್ತಿತ್ತು. ಗುಂಪಿನ ಹಿರಿಯಕ್ಕನಿಗೆ ಕಕ್ಚಿಕೆಲ್ ಬಿಟ್ಟು ಬೇರೆ ಭಾಷೆ ಬಾರದು. ಅವರ ಮಗಳು ಅದನ್ನು ಸ್ಪ್ಯಾನಿಷ್‌ಗೆ ತಿರುಗಿಸುತ್ತಿದ್ದಳು. ನನ್ನ ಸ್ಪ್ಯಾನಿಷ್ ನಿಧಾನ. ಆದರೆ ಕುಣಿಕೆ ಎಣಿಸುವಾಗ ಭಾಷೆ ಯಾವುದಾದರೇನು, ಬೆರಳು ನೋಡಿದರೆ ಸಾಕಾಗುತ್ತಿತ್ತು.

ಮೊದಲ ದಿನವೇ ಬೆಲೆಯ ಮಾತು ಬಂತು. ಒಂದು ಗೇಣಿನಷ್ಟಿರುವ ಮೊಲಕ್ಕೆ ಎಷ್ಟು ಎಂದೆ. 45 ಕೆಟ್ಸಾಲ್ ಎಂದರು. ಆಗ ಡಾಲರಿಗೆ ಎಂಟು ಕೆಟ್ಸಾಲ್‌ಗೆ ತುಸು ಕಡಿಮೆ. ಅಂದರೆ ಆರು ಡಾಲರಿನ ಹತ್ತಿರ. ಯಾಕೆ 45 ಎಂದು ಕೇಳಿದೆ. ಪನಹಚೆಲ್‌ನ ಸಂತಾಂದೇರ್ ಬೀದಿಯಲ್ಲಿ ಪ್ರವಾಸಿಗರಿಗೆ ಮಾರುವ ಅಂಗಡಿಯವರು ಅಷ್ಟೇ ಕೊಡುವುದು ಎಂದರು. ಅಂಗಡಿಯವರು ಹೇಳಿದ್ದೇ ಬೆಲೆ. ನಾನು ತಲೆ ಆಡಿಸಿ ಒಪ್ಪಿಕೊಂಡು ಬಂದಿದ್ದರೆ ಅವರಿಗೇನೂ ಬೇಸರ ಇರುತ್ತಿರಲಿಲ್ಲ. ನಮ್ಮ ಅಂಗಡಿಯಲ್ಲಿ ಫೇರ್ ಟ್ರೇಡ್ ಚೀಟಿ ಅಂಟಿಸಿ ಮಾರಲೂಬಹುದಿತ್ತು. ಈಗಲೂ ನೆನೆಸಿಕೊಂಡರೆ ಭಯವಾಗುತ್ತದೆ.

"ಒಂದು ಮೊಲ ನನ್ನ ಮುಂದೆ ಮಾಡಿ, ಗಡಿಯಾರ ಇಟ್ಟು ನೋಡೋಣ" ಅಂದೆ.

ಹಾಗೆ ಶುರುವಾಯಿತು. ಆರು ಕುಣಿಕೆಯ ಉಂಗುರ. ಎರಡನೇ ಸುತ್ತಿನಲ್ಲಿ ಪ್ರತಿ ಕುಣಿಕೆಗೂ ಎರಡೆರಡು ಹಾಕಿದರೆ 12. ಮುಂದಿನ ಸುತ್ತಿಗೆ 18, ಆಮೇಲೆ 24, 30, 36. ಸುತ್ತಿಗೆ ಆರರಂತೆ ಹಿಗ್ಗುತ್ತಾ ಹೋದರೆ ಚಪ್ಪಟೆ ಬಿಲ್ಲೆ. ಹಿಗ್ಗಿಸುವುದನ್ನು ನಿಲ್ಲಿಸಿ ಹೆಣೆಯುತ್ತಾ ಹೋದರೆ ಅದು ಬಟ್ಟಲಾಗುತ್ತದೆ. ಸುತ್ತು ಎಲ್ಲಿ ಮುಗಿಯಿತು ಅಂತ ಕಾಣುವುದಿಲ್ಲ, ಬಸವನಹುಳುವಿನ ಚಿಪ್ಪಿನ ಹಾಗೆ ಒಂದೇ ಎಳೆ ಸುತ್ತಿಕೊಂಡು ಹೋಗುತ್ತದೆ. ಅದಕ್ಕೇ ಪ್ರತಿ ಸುತ್ತಿನ ಮೊದಲ ಕುಣಿಕೆಗೆ ಬೇರೆ ಬಣ್ಣದ ತುಂಡು ದಾರ ಸಿಕ್ಕಿಸಿಕೊಳ್ಳುತ್ತಾರೆ. ಆಮೇಲೆ ಎರಡೆರಡು ಕುಣಿಕೆ ಒಂದು ಮಾಡುತ್ತಾ ಬಟ್ಟಲಿನ ಬಾಯಿ ಕಿರಿದು ಮಾಡುತ್ತಾರೆ. ಬಾಯಿ ಪೂರ್ತಿ ಮುಚ್ಚುವ ಮೊದಲು ಪಾಲಿಯೆಸ್ಟರ್ ಹತ್ತಿ ತುಂಬಬೇಕು. ಒಮ್ಮೆಲೇ ತುರುಕಿದರೆ ಗಂಟು ಗಂಟಾಗುತ್ತದೆ. ಚಿಟಿಕೆ ಚಿಟಿಕೆ ಎಳೆದು, ಬಿಡಿಸಿ, ಮೂಲೆಯಿಂದ ತುಂಬಿಕೊಂಡು ಬರಬೇಕು.

ನಡುವೆ ಅವರು ಎದ್ದು ಹೋಗಿ ಜೋಳದ ತೊರ್ತಿಯಾ ತಟ್ಟಿ ಬಂದರು. ಮಗುವಿಗೆ ಊಟ ಹಾಕಿದರು. ಆಗೆಲ್ಲ ಗಡಿಯಾರ ನಿಲ್ಲಿಸಿದೆ. ನೂಲಿನ ಲಡಿ ಬಿಡಿಸಿ ಉಂಡೆ ಸುತ್ತುವಾಗಲೂ ನಿಲ್ಲಿಸಹೋದೆ. ಹಿರಿಯಕ್ಕ ಕೈ ಅಡ್ಡ ಹಿಡಿದರು. ಅದೂ ಕೆಲಸ ಅಲ್ವಾ, ಅಂದರು. ನಿಜ. ನನಗದು ಹೊಳೆದೇ ಇರಲಿಲ್ಲ. ಮತ್ತೆ ಹಿಂದಿನಿಂದ ಲೆಕ್ಕ ಹಾಕಿದೆವು.

ತಲೆ, ಮೈ, ಎರಡು ಕಿವಿ, ನಾಲ್ಕು ಕಾಲು, ಬಾಲ. ಎಲ್ಲ ಬೇರೆ ಬೇರೆ ಮಾಡಿ ಹೊಲಿಯಬೇಕು. ಮೂತಿಗೆ ಕಪ್ಪು ದಾರದ ಕಣ್ಣು, ಗುಲಾಬಿ ಮೂಗು. ಒಟ್ಟು 4 ಗಂಟೆ 40 ನಿಮಿಷ. ಇದು ಗುಂಪಿನಲ್ಲಿ ಚುರುಕು ಕೈ ಅಂತ ಹೆಸರಾದವರ ಹೊತ್ತು. ನೂಲು, ತುಂಬುವ ಹತ್ತಿ, ಸೊಲೊಲಾ ಸಂತೆಗೆ ಹೋಗಿ ಬರುವ ಬಾಡಿಗೆಯ ಪಾಲು ಎಲ್ಲ ಸೇರಿ 18 ಕೆಟ್ಸಾಲ್. 45ರಲ್ಲಿ ಅದನ್ನು ಕಳೆದರೆ 27. ಗಂಟೆಗೆ ಆರೂ ಬೀಳುವುದಿಲ್ಲ. ಆ ದೇಶದ ಕಾನೂನಿನ ಕನಿಷ್ಠ ಕೂಲಿಯ ಅರ್ಧವೂ ಆಗಲಿಲ್ಲ.

ಅಂಕಿಗಳನ್ನು ಮಗಳು ನೋಟ್‌ಬುಕ್ಕಿನಲ್ಲಿ ಬರೆದು ಎಲ್ಲರಿಗೂ ತೋರಿಸಿದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಎಷ್ಟೋ ವರ್ಷದಿಂದ ಮಾಡುತ್ತಿದ್ದರೂ ಗಂಟೆಗೆ ಎಷ್ಟು ಅಂತ ಒಬ್ಬರೂ ನೋಡಿರಲಿಲ್ಲ. ಒಲೆಯ ಪಕ್ಕ ಒಂದು ಸುತ್ತು, ಲಾಂಚಾದಲ್ಲಿ ಒಂದು ಸುತ್ತು, ಮಗು ಮಲಗಿದ ಮೇಲೆ ಎರಡು ಸುತ್ತು ಅಂತ ಮಾಡುವ ಕೆಲಸಕ್ಕೆ ಹೊತ್ತು ಎಲ್ಲಿ ಕಾಣಬೇಕು? ನಮ್ಮೂರಿನಲ್ಲಿ ಬೀಡಿ ಕಟ್ಟುವವರು, ಹೂ ಕಟ್ಟುವವರು ನೆನಪಾದರು.

ಎರಡು ದಿನ ಚರ್ಚೆಯಾಯಿತು. ಕನಿಷ್ಠ ಕೂಲಿಗಿಂತ ಕೆಳಗೆ ಇಳಿಯಬಾರದು ಎಂಬುದು ನಮ್ಮ ಅಂಗಡಿಯ ಮಾತು. ಚುರುಕು ಕೈಯ ಹೊತ್ತು ಹಿಡಿದರೆ ಉಳಿದವರಿಗೆ ಅನ್ಯಾಯವಾಗುತ್ತದೆ ಎಂಬುದು ಗುಂಪಿನ ಕಿರಿಯಳೊಬ್ಬಳ ಮಾತು. ಅವಳ ಮಾತು ಸರಿಯಾಗಿತ್ತು. ಕೊನೆಗೆ ಮೊಲಕ್ಕೆ 85 ಕೆಟ್ಸಾಲ್ ಎಂದು ಗೊತ್ತಾಯಿತು. ನಿಧಾನದ ಕೈಗೂ ಕನಿಷ್ಠ ಕೂಲಿಯ ಹತ್ತಿರ ಬರುವ ಹಾಗೆ, ಚುರುಕಿನವರಿಗೆ ಅದಕ್ಕಿಂತ ತುಸು ಮೇಲೆ. ಇದಕ್ಕಿಂತ ಜಾಸ್ತಿ ಇದ್ದರೆ ಇನ್ನೂ ಚೆನ್ನಾಗಿತ್ತು. ನಮ್ಮ ಕೈಲಾದದ್ದು ಅಷ್ಟು.

ಬೆಲೆಯ ಮಾತು ಮುಗಿಯಿತಲ್ಲ, ಇನ್ನು ನೀನು ಒಂದು ಮಾಡು ಅಂತ ಹಿರಿಯಕ್ಕ ನನ್ನ ಕೈಗೆ ಕಡ್ಡಿ ಕೊಟ್ಟರು. ನಮ್ಮಮ್ಮ ಕ್ರೋಶಾದಲ್ಲಿ ಬಾಗಿಲಿಗೆ ತೋರಣ, ಟಿವಿಗೆ ಹೊದಿಕೆ ಹಾಕುತ್ತಿದ್ದರು. ನನಗೂ ಚಿಕ್ಕಂದಿನಲ್ಲೇ ಕಲಿಸಿದ್ದರು. ಆದರೆ ತೋರಣದ ಅಂದ ಇರುವುದೇ ತೂತಿನಲ್ಲಿ. ಗೊಂಬೆಗೆ ತೂತು ಇರಲೇಬಾರದು. ನಾನು ಮಾಡಿದ ತಲೆಯನ್ನು ಹಿರಿಯಕ್ಕ ಬೆಳಕಿಗೆ ಹಿಡಿದರು. ಕಿರುಬೆರಳು ತೂರಿಸಿ ನೋಡಿದರು. ಬೆರಳು ಒಳಗೆ ಹೋಯಿತು. ಏನೂ ಹೇಳದೆ ದಾರದ ತುದಿ ನನ್ನ ಕೈಗಿಟ್ಟರು. ಜಗ್ಗಿದೆ, ಒಂದು ಗಂಟೆಯ ಕೆಲಸ ಬಿಚ್ಚಿಕೊಂಡು ಬಂತು. ಎರಡನೇ ಸಲ ಕುಣಿಕೆ ಬಿಗಿಯಾಗಿ ಎಳೆದೆ. ಸಂಜೆ ಹೊತ್ತಿಗೆ ತೋರುಬೆರಳಿನ ಚರ್ಮ ಕೆಂಪಗಾಯಿತು. ನನ್ನ ಮೊಲ ಮುಗಿದಾಗ ಗಡಿಯಾರ 13 ಗಂಟೆ ತೋರಿಸುತ್ತಿತ್ತು. ಆ ಮೊಲ ಈಗ ನನ್ನ ಮೇಜಿನ ಮೇಲಿದೆ.

ಕಡ್ಡಿ ಕೈಯಲ್ಲಿದ್ದ ಆ ದಿನಗಳಲ್ಲೇ ಬೇಕಾದಷ್ಟು ಮಾತಾಡಿದೆವು. ಮಾಯಾ ಜನರ ಪ್ರಾಚೀನ ಕಸುಬು ಕ್ರೋಶಾ ಅಲ್ಲ. ಅವರದು ಸೊಂಟದ ಮಗ್ಗ. ಒಂದು ತುದಿ ಕಂಬಕ್ಕೆ, ಇನ್ನೊಂದು ಪಟ್ಟಿಯಾಗಿ ಸೊಂಟಕ್ಕೆ. ನೇಯುವವಳು ಹಿಂದೆ ವಾಲಿದರೆ ಹಾಸು ಬಿಗಿಯಾಗುತ್ತದೆ, ಮುಂದೆ ಬಾಗಿದರೆ ಸಡಿಲ. ಉಯಿಪಿಲ್ ಹುಟ್ಟುವುದು ಹಾಗೆ, ಒಂದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕ್ರೋಶಾ ಹೊರಗಿನಿಂದ ಬಂದದ್ದು. ಆದರೆ ಬಂದ ಮೇಲೆ ಅವರದೇ ಆಯಿತು. ಸೊಲೊಲಾ ಕಡೆ, ಮತ್ತೆ ದೂರದ ತೊದೊಸ್ ಸಾಂತೊಸ್ ಬೆಟ್ಟದ ಊರಿನಲ್ಲಿ ಹೆಗಲಚೀಲವನ್ನು ಗಂಡಸರೇ ಕ್ರೋಶಾದಲ್ಲಿ ಹೆಣೆಯುತ್ತಾರೆ. ಕಾಲಿನಿಂದ ಚಿಮ್ಮಿಸಿ ಆಡುವ ಗ್ವಾಟೆಮಾಲಾದ ಪುಟ್ಟ ಬಣ್ಣದ ಚೆಂಡುಗಳು ಅಮೆರಿಕದಲ್ಲಿ ಎಷ್ಟೋ ಮಕ್ಕಳ ಜೇಬಿನಲ್ಲಿರುತ್ತವೆ. ಅವೂ ಕ್ರೋಶಾದವೇ.

ಯುದ್ಧದ ಮಾತನ್ನು ನಾನು ಕೇಳಲಿಲ್ಲ. ಅವರೇ ಒಮ್ಮೆ ಹೇಳಿದರು, ಅದೂ ಎರಡೇ ಮಾತು. 1960ರಿಂದ 1996ರವರೆಗೆ ಆ ದೇಶದಲ್ಲಿ ಒಳಯುದ್ಧ ನಡೆಯಿತು. ಸತ್ತವರು, ಕಾಣೆಯಾದವರು ಸೇರಿ 2 ಲಕ್ಷ ಜನ ಎಂದು 1999ರ ಸತ್ಯಶೋಧನಾ ಆಯೋಗ ಅಂದಾಜು ಮಾಡಿತು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ. ಗಂಡಂದಿರನ್ನು ಕಳೆದುಕೊಂಡ ಹೆಂಗಸರು ಒಟ್ಟಾಗಿ ನೇಯುತ್ತಾ ಹೆಣೆಯುತ್ತಾ ಸಂಘ ಕಟ್ಟಿಕೊಂಡರು. ಹಿರಿಯಕ್ಕನ ಅಕ್ಕ ಅಂಥವರಲ್ಲಿ ಒಬ್ಬರು. ಆ ಮಾತು ಹೇಳುವಾಗಲೂ ಅವರ ಕಡ್ಡಿ ನಿಲ್ಲಲಿಲ್ಲ.

ಯಾವ ಪ್ರಾಣಿ ಮಾಡಿಸುವುದು ಎಂಬುದು ಇನ್ನೊಂದು ದೊಡ್ಡ ಮಾತು. ಹಿಂದೆ ಬಂದ ಕೊಳ್ಳುವವರು ಡೈನೋಸಾರ್, ಒಂಟಿಕೊಂಬಿನ ಕುದುರೆಯ ಫೋಟೋ ಕೊಟ್ಟು ಹೋಗಿದ್ದರಂತೆ. ನಾನು ನಿಮಗೆ ಬೇಕಾದ್ದು ತೋರಿಸಿ ಅಂದೆ. ಆಗ ಬಂದದ್ದು ಎರಡು. ಒಂದು ಮೊಲ. ರಾತ್ರಿ ಅಂಗಳದಲ್ಲಿ ಮಗಳು ಚಂದ್ರನನ್ನು ತೋರಿಸಿ, ಅಲ್ಲಿ ಮೊಲ ಕಾಣುತ್ತಾ ಎಂದಳು. ನನಗೆ ಮೈ ಜುಮ್ಮೆಂದಿತು. ಚಂದ್ರನೊಳಗಿನ ಮೊಲವನ್ನು ನನ್ನಜ್ಜಿ ತೋರಿಸಿದ್ದು ಹಾಸನದ ಹಿತ್ತಿಲಿನಲ್ಲಿ! ಹಳೇ ಮಾಯಾ ಚಿತ್ರಗಳಲ್ಲಿ ಚಂದ್ರದೇವತೆ ಮೊಲವನ್ನು ಎತ್ತಿಕೊಂಡು ಕೂತಿರುತ್ತಾಳೆ. ಭೂಮಿಯ ಆ ಮಗ್ಗುಲಲ್ಲೂ ಈ ಮಗ್ಗುಲಲ್ಲೂ ಅಜ್ಜಿಯರು ಒಂದೇ ಮೊಲ ತೋರಿಸಿದ್ದಾರೆ.

ಇನ್ನೊಂದು ಪೋಕ್ ಹಕ್ಕಿ. ಇದು ಅತಿತ್ಲಾನ್ ಸರೋವರದಲ್ಲಿ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ. ಹಾರಲು ಬಾರದ ದೊಡ್ಡ ಮುಳುಗುಹಕ್ಕಿ. ಬಿಳಿ ಕೊಕ್ಕು, ಅದರ ಮೇಲೆ ಕಪ್ಪು ಪಟ್ಟಿ. ಮೀನು ಹಿಡಿಯುವ ಪ್ರವಾಸಿಗರು ಬರಲಿ ಅಂತ 1950ರ ದಶಕದ ಕೊನೆಯಲ್ಲಿ ಹೊರಗಿನ ಬಾಸ್ ಮೀನನ್ನು ನೀರಿಗೆ ಬಿಟ್ಟರು. ಆ ಮೀನು ಇಲ್ಲಿಯ ಏಡಿ, ಸಣ್ಣ ಮೀನುಗಳನ್ನೆಲ್ಲ ತಿಂದಿತು, ಹಕ್ಕಿಯ ಮರಿಯನ್ನೂ ಬಿಡಲಿಲ್ಲ. 1976ರ ಭೂಕಂಪದ ನಂತರ ನೀರಿನ ಮಟ್ಟ ಇಳಿದು ಆಪು ಹುಲ್ಲಿನ ದಂಡೆಗಳೂ ಹಾಳಾದವು. 1980ರ ದಶಕ ಮುಗಿಯುವ ಹೊತ್ತಿಗೆ ಪೋಕ್ ಇಲ್ಲವಾಯಿತು. ಹಿರಿಯಕ್ಕ ಅದನ್ನು ಕಣ್ಣಾರೆ ಕಂಡವರು. ಕೊಕ್ಕಿನ ಪಟ್ಟಿ ಎಲ್ಲಿ ಬರಬೇಕು ಅಂತ ಅವರೇ ಎಲ್ಲರಿಗೂ ತೋರಿಸಿಕೊಟ್ಟರು.

ವಿನ್ಯಾಸ ಅವರದು, ಬೇರೆಯವರಿಗೆ ಕೊಟ್ಟು ಅಗ್ಗಕ್ಕೆ ಮಾಡಿಸುವುದಿಲ್ಲ ಅಂತ ಕಾಗದದಲ್ಲಿ ಬರೆದು ಸಹಿ ಹಾಕಿದೆವು. ಇದನ್ನು ಕೇಳಿದ್ದು ಅವರೇ. 2016ರಲ್ಲಿ ಗ್ವಾಟೆಮಾಲಾದ ಮಾಯಾ ನೇಕಾರ್ತಿಯರು ತಮ್ಮ ವಿನ್ಯಾಸಗಳ ಮೇಲೆ ಸಮುದಾಯದ ಹಕ್ಕು ಬೇಕು ಎಂದು ಸಂವಿಧಾನ ನ್ಯಾಯಾಲಯಕ್ಕೆ ಹೋಗಿದ್ದರು. ಆ ಸುದ್ದಿ ಈ ದಂಡೆಗೂ ತಲುಪಿತ್ತು.

ಎರಡೆರಡು ಮಾದರಿ ತೆಗೆದುಕೊಂಡು ಪೆನ್ಸಿಲ್ವೇನಿಯಾಕ್ಕೆ ಬಂದೆ. ಮಕ್ಕಳ ಆಟಿಕೆಗೆ ಅಮೆರಿಕದಲ್ಲಿ ನಿಯಮ ಬಿಗಿ, 2008ರ ಕಾನೂನಿನಿಂದ ಇನ್ನೂ ಬಿಗಿ. ಮೂರು ವರ್ಷದೊಳಗಿನ ಮಗುವಿನ ಆಟಿಕೆಯಿಂದ ಚಿಕ್ಕ ತುಂಡು ಕಿತ್ತು ಬರಬಾರದು. ಪ್ರಯೋಗಾಲಯದಲ್ಲಿ ಎಳೆದು, ತಿರುಚಿ ನೋಡುತ್ತಾರೆ. ಮೊಲಕ್ಕೆ ದಾರದ ಕಣ್ಣು, ಹಾಗಾಗಿ ಅದು ಪಾಸಾಯಿತು. ಪೋಕ್‌ನ ಕೊಕ್ಕು ಕಿತ್ತು ಬಂತು.

ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. ನಾಲ್ಕು ದಿನಕ್ಕೆ ಉತ್ತರ ಬಂತು. ಕೊಕ್ಕನ್ನು ಬೇರೆ ಮಾಡಿ ಹೊಲಿಯುವುದನ್ನೇ ಬಿಟ್ಟು, ತಲೆಯ ಕುಣಿಕೆಗಳಿಂದಲೇ ಮುಂದಕ್ಕೆ ಎಳೆದುಕೊಂಡು ಹೆಣೆದಿದ್ದರು. ಈ ಸಲ ಎಷ್ಟು ಎಳೆದರೂ ಬರಲಿಲ್ಲ. ಉತ್ತರದ ಕೊನೆಯಲ್ಲಿ ಮಗಳು ಬರೆದಿದ್ದಳು: "ಸೆನ್ಯೊ, ಇದಕ್ಕೆ 15 ನಿಮಿಷ ಜಾಸ್ತಿ." ಗಡಿಯಾರ ಇಟ್ಟೇ ಮಾಡಿದ್ದರು. ಪೋಕ್‌ಗೆ 70 ಕೆಟ್ಸಾಲ್ ಎಂದು ಮಾತಾಗಿತ್ತು, 74 ಮಾಡಿದೆವು. ನನಗೆ ಆ ದಿನ ಆದ ಸಂತೋಷ ಹೇಳತೀರದು.

ಚೀಟಿಯ ಕತೆಯೂ ಹೀಗೇ. ಪೆನ್ಸಿಲ್ವೇನಿಯಾದಲ್ಲಿ ಒಳಗೆ ತುಂಬಿದ ಆಟಿಕೆಗೆ ನೋಂದಣಿ ಬೇಕು, ಒಳಗೇನಿದೆ ಅಂತ ಹೇಳುವ ಬಟ್ಟೆಯ ಚೀಟಿ ಹೊಲಿಯಬೇಕು. ಒಂದಕ್ಕೆ 5 ನಿಮಿಷ ತಾನೇ ಅಂದುಕೊಂಡಿದ್ದೆ. 120 ಆಟಿಕೆಗೆ ಅದು 10 ಗಂಟೆ. ಆ ಕೂಲಿ ಬೇರೆ ಸೇರಿಸಿದೆವು.

80 ಮೊಲ, 40 ಪೋಕ್. ಅವರ ಲೆಕ್ಕದಲ್ಲಿ ನಾಲ್ಕು ಇಪ್ಪತ್ತು, ಎರಡು ಇಪ್ಪತ್ತು. ಮಾಯಾ ಎಣಿಕೆ ನಿಂತಿರುವುದು ಇಪ್ಪತ್ತರ ಮೇಲೆ. ಕಕ್ಚಿಕೆಲ್‌ನಲ್ಲಿ ಇಪ್ಪತ್ತಕ್ಕೆ ಹೇಳುವ "ವಿನಾಕ್" ಎಂಬ ಮಾತಿಗೆ ಮನುಷ್ಯ ಎಂಬ ಅರ್ಥವೂ ಇದೆ. ಕೈಕಾಲಿನ ಬೆರಳೆಲ್ಲ ಸೇರಿದರೆ ಒಬ್ಬ ಮನುಷ್ಯ. ಆರು ಮನುಷ್ಯರಷ್ಟು ಆಟಿಕೆ. ಅರ್ಧ ಹಣ ಮುಂಗಡ ಕಳಿಸಿದೆವು. ಕೈಕೆಲಸಕ್ಕೆ ಕೇಳಿದರೆ ಅರ್ಧದಷ್ಟಾದರೂ ಬಡ್ಡಿಯಿಲ್ಲದ ಮುಂಗಡ ಕೊಡಬೇಕು ಎಂಬುದು ವಿಶ್ವ ಫೇರ್ ಟ್ರೇಡ್ ಸಂಘಟನೆಯ ನಿಯಮ. ಅದು ಯಾಕೆ ಅಂತ ಈಗ ಗೊತ್ತಾಯಿತು. ಮುಂಗಡ ಇಲ್ಲದಿದ್ದರೆ ನೂಲಿಗೆ ಸಾಲ ಮಾಡಬೇಕು. ಸಾಲದ ಬಡ್ಡಿ ಆ ಗಂಟೆಗಳನ್ನೇ ತಿನ್ನುತ್ತದೆ.

ಮೇ ತಿಂಗಳಿಂದ ಮಳೆ. ಮೋಡ ಮುಚ್ಚಿದರೆ ಮನೆಯೊಳಗೆ ಕುಣಿಕೆ ಕಾಣುವುದಿಲ್ಲ, ಕೆಲಸ ನಿಧಾನವಾಯಿತು. ಸೆಪ್ಟೆಂಬರ್ ಅಂದದ್ದು ಅಕ್ಟೋಬರ್ ಆಯಿತು. ಪೆಟ್ಟಿಗೆ ಬಿಚ್ಚಿದಾಗ ಮೊಲಗಳು ಎರಡು ಬಣ್ಣದಲ್ಲಿದ್ದವು. ಅರ್ಧ ಬೂದು, ಅರ್ಧ ತುಸು ನೀಲಿ ಬೂದು. ನಡುವೆ, ಬೇರೆ ಸಲ ಬಣ್ಣ ಹಾಕಿದ ನೂಲು ಬಂದಿತ್ತು. ನಮ್ಮಲ್ಲಿ ಒಬ್ಬರು ಹಣ ಸ್ವಲ್ಪ ಹಿಡಿಯೋಣ ಅಂದರು. ನಾನು ಜಗಳವನ್ನೇ ಆಡಿದೆ. ನೂಲು ಬಣ್ಣ ಹಾಕಿದ್ದು ಅವರಲ್ಲ, ಹೆಣೆದ ಹೊತ್ತೇನೂ ಕಡಿಮೆಯಾಗಿಲ್ಲ. ಪೂರ್ತಿ ಹಣ ಹೋಯಿತು. ಮುಂದಿನ ಸಲ ನೂಲನ್ನು ಒಟ್ಟಿಗೇ ಕೊಳ್ಳುವಷ್ಟು ಮುಂಗಡ ಕೊಡುವುದು ಅಂತ ಬರೆದುಕೊಂಡೆವು. ಮುಂಗಡ ಜನವರಿಯಲ್ಲಿ ಕೊಟ್ಟರೆ ಒಳ್ಳೆಯದು ಅಂತ ಅವರೂ ಕೇಳಿದರು. ಅಲ್ಲಿ ಶಾಲೆ ಶುರುವಾಗುವುದು ಜನವರಿಯಲ್ಲಿ.

ಮೊಲಕ್ಕೆ 28 ಡಾಲರ್ ಇಟ್ಟೆವು. ನೂಲೂ ಸೇರಿ ಮಾಡಿದವರಿಗೆ 11. ಸಾಗಣೆಗೆ 3, ಪರೀಕ್ಷೆಗೆ, ಚೀಟಿಗೆ 4. ಉಳಿದದ್ದು ಅಂಗಡಿಯ ಬಾಡಿಗೆ, ಕರೆಂಟು. ಇದನ್ನೆಲ್ಲ ಒಂದು ಹಲಗೆಯ ಮೇಲೆ ಬರೆದು ಕಪಾಟಿನ ಪಕ್ಕ ನಿಲ್ಲಿಸಿದೆ. ಮೇಲೆ ದೊಡ್ಡದಾಗಿ "4 ಗಂಟೆ 40 ನಿಮಿಷ". ಆ ಅಜ್ಜ ಮತ್ತೆ ಬಂದಿದ್ದರು. ನಿಂತು ಪೂರ್ತಿ ಓದಿದರು. ಒಂದು ಪೋಕ್ ತೆಗೆದುಕೊಂಡು ಹೋದರು.

ಕಳೆದ ತಿಂಗಳು ಒಬ್ಬ ತಾಯಿ ಮೊಲವೊಂದನ್ನು ವಾಪಸ್ ತಂದರು. ಮಗು ಕಿವಿ ಹಿಡಿದು ಎಳೆದಾಡಿ ಒಂದು ಕಿವಿ ಬುಡದಲ್ಲಿ ಸಡಿಲವಾಗಿತ್ತು. ಬೇರೆ ಕೊಡಲೇ ಎಂದೆ. ಮಗು ಮೊಲವನ್ನು ಬಿಗಿಯಾಗಿ ಅಪ್ಪಿಕೊಂಡಿತು, ಅದಕ್ಕೆ ಅದೇ ಬೇಕು. ಗಲ್ಲಾದ ಹಿಂದೆ ಕೂತು, ಹಿರಿಯಕ್ಕ ತೋರಿಸಿದ ಹಾಗೆ ಬುಡದ ಕುಣಿಕೆಗಳನ್ನು ಎಣಿಸಿ, ಒಂದೊಂದಕ್ಕೂ ಎರಡು ಸಲ ಸೂಜಿ ಹಾಯಿಸಿ ಹೊಲಿದೆ. ಮಗು ಪಕ್ಕದಲ್ಲೇ ನಿಂತು ನೋಡಿತು. 25 ನಿಮಿಷ ಹಿಡಿಯಿತು. ಫೋಟೋ ತೆಗೆದು ಸರೋವರದ ದಂಡೆಗೆ ಕಳಿಸಿದೆ. ಸಂಜೆ ಹಿರಿಯಕ್ಕನ ಧ್ವನಿ ಬಂತು. ಮೊದಲು "ಮತ್ಯೋಷ್", ಅಂದರೆ ಉಪಕಾರವಾಯಿತು. ಆಮೇಲೆ ಏನೋ ಉದ್ದಕ್ಕೆ ಹೇಳಿದರು. ಮಗಳು ಕೆಳಗೆ ಅರ್ಥ ಬರೆದಿದ್ದಳು. ಇನ್ನೊಂದು ಕಿವಿಯನ್ನೂ ಈಗಲೇ ಬಿಗಿ ಮಾಡಿಬಿಡು, ಎಳೆಯುವ ಮಗು ಅದನ್ನೂ ಎಳೆಯುತ್ತದೆ.